ಹ್ಯಾಂಡಲ್ ಏರಿಸಿದ ಆಷಾಢ

ಮೊನ್ನೆ ಮೊಯಿನ್‌ಭಾಯಿಯ ಅಂಗಡಿಗೆ ಹೋಗಿದ್ದೆ. ಲಿಂಗಂಪಲ್ಲಿ ಸ್ಟೇಷನ್ನಿನ ಆಚೆ ಬದಿಗೆ ಬೇವಿನ ಮರದ ಕೆಳಗೆ ಅವರದೊಂದು ತಗಡಿನ ಶೆಡ್ಡು. ನಮ್ಮ ಮೋಟರ್‌ಸೈಕಲ್ಲು ಎಂಟು ದಿನದಿಂದ ಅಲ್ಲಿ ನಿಂತಿತ್ತು. ಮೋಡ ಕವಿದಿತ್ತು. ನಾನು ಸ್ಟೂಲಿನ ಮೇಲೆ ಕುಳಿತಿದ್ದಾಗ ಅವರು ಬ್ರೇಕ್ ಎಣ್ಣೆಯ ಹೊಸ ಡಬ್ಬಿಯ ಮುಚ್ಚಳ ತೆಗೆದರು. ಔಷಧಿ ಸೀಸೆಯ ತಳದಲ್ಲಿ ಉಳಿದ ಸಿಹಿಯಂಥ ವಾಸನೆ ಅದು. ಐದು ವರ್ಷದ ಹಿಂದಿನ ಒಂದು ಶುಕ್ರವಾರದ ಮಧ್ಯಾಹ್ನ ಪೂರ್ತಿ ಅದರೊಳಗೆ ಇತ್ತು.

“ಭಾಭಿ, ಹ್ಯಾಂಡಲ್ ಹಿಂಗ ಇಡ್ಲೋ, ಇಳಸ್ಲೋ?” ಎಂದು ಮೊಯಿನ್‌ಭಾಯಿ ಕೇಳಿದರು. “ಬೇಟಿ ಇಳಸು ಅಂದಾಳ. ಆದ್ರ ನಿಮ್ಮ ಮಾತು ಕೇಳದ ನಾ ನಟ್ಟಿಗೆ ಪಾನಾ ಹಚ್ಚಂಗಿಲ್ಲ.”

ಬೇಟಿ ಎಂದರೆ ನನ್ನ ಮಗಳು ಗಿರಿಜಾ. ಪಟಾನ್‌ಚೆರುವಿನ ಒಂದು ಲ್ಯಾಬಿನಲ್ಲಿ ಕೆಲಸ. ಬಸ್ಸು ಸಾಕಾಗಿದೆ, ಸ್ಕೂಟಿ ಬೇಡ, ಅಪ್ಪನ ಗಾಡಿಯೇ ಬೇಕು ಎನ್ನುತ್ತಾಳೆ. ಲೈಸೆನ್ಸ್ ಕೂಡ ಮಾಡಿಸಿಕೊಂಡಿದ್ದಾಳೆ. ಆದರೆ ಆ ಎತ್ತರದ ಹ್ಯಾಂಡಲ್ ಹಿಡಿದರೆ ಅವಳ ಕೈ ಎದೆಯ ಮಟ್ಟಕ್ಕೆ ಬರುತ್ತದೆ, ಸ್ವಲ್ಪ ಹೊತ್ತಿಗೆ ಭುಜ ನೋಯುತ್ತದೆ. ಕೇಳಿದ್ದರಲ್ಲಿ ತಪ್ಪೇನಿಲ್ಲ.

“ನಾಳೆ ಹೇಳತೀನ್ರಿ,” ಎಂದು ಎದ್ದು ಬಂದೆ.

ಮನೆಗೆ ಬಂದು ಅಳತೆ ಪುಸ್ತಕ ತೆಗೆದೆ. ನಾನು ಬ್ಲೌಸು, ಲಂಗ, ಪಂಜಾಬಿ ಡ್ರೆಸ್ಸು ಹೊಲಿಯುವವಳು. ಹತ್ತನೇ ಇಯತ್ತೆ ಮುಗಿಸಿ ಹೊಲಿಗೆ ಕಲಿತೆ, ಮದುವೆಯಾಗಿ ಹುಮನಾಬಾದ್ ಕಡೆಯ ಊರಿನಿಂದ ಇಲ್ಲಿಗೆ ಬಂದೆ, ಅಂದಿನಿಂದ ಇದೇ ಕೆಲಸ. ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ. ಮೇಲೆ ಹೆಸರು: ಪದ್ಮಾ, ಬ್ಯಾಂಕಿನವರು. ಲಕ್ಷ್ಮಿ, ಕೆಳಗಿನ ಮನೆ. ಒಂದು ಪುಟದ ಮೇಲೆ ಮಾತ್ರ ಹೆಸರಿಲ್ಲ. ‘ಇವರು’ ಎಂದಷ್ಟೇ ಬರೆದಿದೆ. ನಮ್ಮಲ್ಲಿ ಗಂಡನ ಹೆಸರು ಬಾಯಿಂದ ಹೇಳುವುದಿಲ್ಲ, ನನಗೆ ಬರೆಯಲಿಕ್ಕೂ ಕೈ ಬರಲಿಲ್ಲ. ಆ ಪುಟದಲ್ಲಿ ಭುಜ, ಎದೆ, ತೋಳು ಎಂದು ಬರೆದು, ಅದರ ಕೆಳಗೆ ‘ಹ್ಯಾಂಡಲ್ ಎತ್ತರ’, ಇನ್ನೂ ಕೆಳಗೆ ‘ಬ್ರೇಕ್ ಪೈಪು, ಮೂರೂ ಕೆಲಸ ಮಾಡಿಸಿ’ ಎಂದಿದೆ. ಬೇರೆ ಯಾರಾದರೂ ಓದಿದರೆ ಈಕೆಗೆ ತಲೆ ಸರಿಯಿಲ್ಲ ಅಂದುಕೊಳ್ಳಬೇಕು.

ಇವರು ಹೋದ ಮಾಘದಲ್ಲಿ ತೀರಿಕೊಂಡರು. ಗಾಡಿಗೂ ಅದಕ್ಕೂ ಸಂಬಂಧವಿಲ್ಲ. ಎದೆನೋವು ಎಂದು ಬೆಳಿಗ್ಗೆ ಹೇಳಿದರು, ಆಸ್ಪತ್ರೆಯ ಬಾಗಿಲು ಮುಟ್ಟುವುದರೊಳಗೆ ಮುಗಿದಿತ್ತು. ಆ ದಿನದ ಬಗ್ಗೆ ಬರೆಯಲು ನನಗೆ ಆಗುವುದಿಲ್ಲ. ಆ ಪುಟದ ಬಗ್ಗೆ ಬರೆಯಬಲ್ಲೆ.

ಐದು ವರ್ಷದ ಹಿಂದೆ ಬೇಸಿಗೆಯಲ್ಲಿ ಇವರು ಉಪ್ಪಿನಕಾಯಿಗೆ ಮಾವಿನಕಾಯಿ ತಂದಿದ್ದರು. ಚೀಲ ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತುವಾಗ ಜಾರಿ ಬಿದ್ದರು. ನಾನು ಓಡಿ ಹೋದರೆ ಕಾಯಿಗಳೆಲ್ಲ ಉರುಳುತ್ತ ಓಣಿಗೆ ಹೋಗುತ್ತಿದ್ದವು, ಇವರು ಗೋಡೆಗೆ ಒರಗಿ ಕುಳಿತು, “ಮೊದ್ಲ ಕಾಯಿ ಆರಿಸ, ಶಾಂತಾ. ಮ್ಯಾಕಿ ತಿಂದಾವು,” ಅಂದರು. ಬಲಭುಜದ ಕೀಲು ತಪ್ಪಿತ್ತು. ಕೀಲು ಕೂರಿಸಿ, ಕೈ ಕಟ್ಟಿ, ಒಂದೂವರೆ ತಿಂಗಳ ಮೇಲೆ ಬಿಚ್ಚಿದ ಡಾಕ್ಟರು, ಎಲ್ಲಾ ಕೆಲಸ ಮಾಡಬಹುದು, ಆದರೆ ಕೈ ಮುಂದೆ ಚಾಚಿ ಅದರ ಮೇಲೆ ಮೈಭಾರ ಹಾಕಬೇಡಿ ಎಂದರು.

ಮೋಟರ್‌ಸೈಕಲ್ ಓಡಿಸುವುದೆಂದರೆ ಇವರಿಗೆ ಅದೇ ಆಗಿತ್ತು. ಗಾಡಿಯ ಹ್ಯಾಂಡಲ್ ತಗ್ಗು, ಉದ್ದಕ್ಕೆ ಮುಂದೆ. ಬಗ್ಗಿ ಹಿಡಿಯಬೇಕು. ಆಷಾಢದ ಮೊದಲ ವಾರ ಒಂದು ದಿನ ಡ್ಯೂಟಿಗೆಂದು ಹೊರಟು ಓಣಿಯ ತುದಿಯಿಂದ ವಾಪಸ್ಸು ಬಂದರು. ಮುಖ ಬೆವರಿತ್ತು. ಗಾಡಿ ನಿಲ್ಲಿಸಿ ಹಳೆಯ ಚಾದರ ಹೊದಿಸಿ ಬಸ್ ಸ್ಟಾಪಿಗೆ ನಡೆದರು.

ಇವರು ಪಟಾನ್‌ಚೆರುವಿನ ಗುಳಿಗೆ ಫ್ಯಾಕ್ಟರಿಯಲ್ಲಿ ಫಿಟ್ಟರು. ದಿನವೂ ಬಸ್ಸಿನ ಕಂಬಿ ಎಡಗೈಲಿ ಹಿಡಿದು ಹೋಗಿ ಬರತೊಡಗಿದರು. ಅದು ದೊಡ್ಡ ತೊಂದರೆಯಲ್ಲ, ಸಾವಿರಾರು ಜನ ಹಾಗೆಯೇ ಹೋಗುತ್ತಾರೆ. ಆದರೆ ಇವರಿಗೆ ಸ್ನಾನ ಮಾಡುವಾಗ, ಹಲ್ಲುಜ್ಜುವಾಗ, ಸಂತೆಗೆ ಹೋಗುವಾಗ ಸಿಳ್ಳೆ ಹಾಕುವ ಅಭ್ಯಾಸವಿತ್ತು. ಬಿದ್ದ ದಿನದಿಂದ ಅದು ನಿಂತುಹೋಗಿತ್ತು. ಎರಡು ತಿಂಗಳು ಮನೆಯಲ್ಲಿ ನನ್ನ ಮಷಿನ್ನಿನ ಸಪ್ಪಳ ಬಿಟ್ಟರೆ ಬೇರೆ ಸಪ್ಪಳವಿರಲಿಲ್ಲ. ಗಿರಿಜಾ ಆಗ ಬೀದರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು.

ಒಂದು ರಾತ್ರಿ ಊಟದ ಹೊತ್ತಿಗೆ ಹೇಳಿದರು. “ಈ ಸಲ ಪಂಚಮಿಗೆ ನೀ ಬಸ್ಸಿಗೆ ಹೋಗಿಬಿಡು.”

“ನೀವು?”

“ನಾ ಬಂದೇನು ಮಾಡ್ಲಿ? ಪಂಚಮಿ ಆದ ಮ್ಯಾಲ ನಮ್ಮ ಶಿಫ್ಟಿನವ ಒಬ್ಬ ಗಾಡಿ ನೋಡಾಕ ಬರತಾನ. ಕೊಟ್ಟುಬಿಡೋಣ.”

ಇದು ಎಂಥ ಮಾತು ಎಂದು ನಮ್ಮ ಕಡೆಯವರಿಗೆ ತಿಳಿಯುತ್ತದೆ. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು, ಅಣ್ಣತಮ್ಮಂದಿರು ಬಂದು ಕರೆದೊಯ್ಯಬೇಕು. ಮದುವೆಯಾದ ವರ್ಷ ನನ್ನ ತಮ್ಮ ಶಿವರಾಜ ಕರೆಯಲು ಬರುತ್ತೇನೆಂದಾಗ ಇವರು, ನಿಮ್ಮಕ್ಕನನ್ನು ಇಲ್ಲಿಗೆ ಕರೆತಂದವ ನಾನು, ಅಲ್ಲಿಗೆ ಬಿಡುವವನೂ ನಾನೇ ಎಂದಿದ್ದರು. ಇಪ್ಪತ್ತೆರಡು ವರ್ಷ ಮಾತು ತಪ್ಪಲಿಲ್ಲ. ಜಹೀರಾಬಾದಿನ ರಸ್ತೆಯಲ್ಲಿ ಶ್ರಾವಣದ ಮಳೆಯಲ್ಲಿ ನೆನೆಯುತ್ತ, ಉಂಡಿಯ ಡಬ್ಬಿ ನಡುವೆ ಇಟ್ಟುಕೊಂಡು ಹೋಗುವುದೇ ನನಗೆ ಹಬ್ಬ. ಗಾಡಿ ಹೋದರೆ ಹೋಗಲಿ. ಆದರೆ ಆ ಚಾದರದ ಕೆಳಗೆ ಇವರೂ ಇದ್ದ ಹಾಗೆ ನನಗೆ ಕಾಣುತ್ತಿತ್ತು. ಪಂಚಮಿಯ ಒಳಗೆ ಇವರನ್ನು ಗಾಡಿಯ ಮೇಲೆ ಕೂರಿಸದಿದ್ದರೆ ಮತ್ತೆ ಎಂದೂ ಕೂರುವುದಿಲ್ಲ ಎನ್ನುವುದು ಖಾತ್ರಿಯಾಗಿತ್ತು.

ಉಪಾಯ ಹೊಳೆದದ್ದು ಹಾಲಿನವನನ್ನು ನೋಡಿ. ಅವನ ಗಾಡಿಗೆ ಎತ್ತರದ ಹ್ಯಾಂಡಲ್, ಎರಡೂ ಕಡೆ ಹಿಂದಕ್ಕೆ ಬಾಗಿದ್ದು. ಅವನು ಕುರ್ಚಿಯಲ್ಲಿ ಕುಳಿತವನಂತೆ ನೆಟ್ಟಗೆ ಕುಳಿತು ಬರುತ್ತಾನೆ. ಅವನ ಭುಜ ನೋಡಿದೆ. ಬಗಲಿನಲ್ಲಿ ಅಂಗಿ ಎಲ್ಲೂ ಎಳೆದಿರಲಿಲ್ಲ. ಅಂಗಿ ಎಳೆಯದಿದ್ದರೆ ಒಳಗಿನ ಕೀಲೂ ಎಳೆಯುವುದಿಲ್ಲ. ಇಷ್ಟು ನನಗೆ ಗೊತ್ತು.

ಆ ಸಂಜೆ ಟೇಪು ಹಿಡಿದು, “ಪಂಚಮಿಗೆ ಅಂಗಿ ಹೊಲೀತೀನಿ, ಕುಂದರ್ರಿ,” ಅಂದೆ.

“ಅಂಗಿ ಅಳತಿಗೆ ಯಾರ ಕುಂಡ್ರತಾರ?”

“ಹೊಸಾ ಫ್ಯಾಷನ್ನಿನ ಅಂಗಿರಿ. ಈ ಲಟ್ಟಣಿಗಿ ಎರಡೂ ಕೈಲೆ ಹಿಡೀರಿ.”

“ಅಂಗಿಗೆ ಲಟ್ಟಣಿಗಿ ಎದಕ್ಕ?”

“ಹಿಡೀರಿ ಅಂದ್ರ ಹಿಡೀರಿ. ಎಲ್ಲಿ ಬ್ಯಾನಿ ಆಗಂಗಿಲ್ಲ ಅಲ್ಲಿ ನಿಲ್ಲಸ್ರಿ.”

ಇವರು ಲಟ್ಟಣಿಗೆ ಮೇಲೆ ಕೆಳಗೆ ಮಾಡಿ ಒಂದು ಕಡೆ ನಿಲ್ಲಿಸಿದರು. ಹೆಂಡತಿಗೆ ಏನೋ ಆಗಿದೆ ಎಂಬ ಮುಖ. ನಾನು ಕುರ್ಚಿಯ ಹಲಗೆಯಿಂದ ಲಟ್ಟಣಿಗೆಗೆ, ಭುಜದಿಂದ ಮುಷ್ಟಿಗೆ ಅಳೆದು ಬರೆದುಕೊಂಡೆ. ಮರುದಿನ ಇವರು ಡ್ಯೂಟಿಗೆ ಹೋದ ಮೇಲೆ ಚಾದರ ಸರಿಸಿ ಗಾಡಿಯನ್ನೂ ಹಾಗೆಯೇ ಅಳೆದೆ. ಐದು ಇಂಚು ಮೇಲೆ ಬರಬೇಕು, ಮೂರು ಇಂಚು ಹಿಂದೆ.

ದಾರ, ಗುಂಡಿ ತರಲು ನಾನು ಹೇಗೂ ಬೇಗಂ ಬಜಾರಿಗೆ ಹೋಗುತ್ತಿರುತ್ತೇನೆ. ಆ ಸಲ ಅಲ್ಲಿಂದ ಹಾಗೇ ಗಾಡಿ ಸಾಮಾನಿನ ಗಲ್ಲಿಗೆ ನಡೆದೆ. ಅಂಗಡಿಯ ಮುದುಕ ಸೇಠ, “ಮಾಡಲ್ ಬೋಲೋ ಅಮ್ಮಾ,” ಅಂದ. ಗಾಡಿಯ ಹೆಸರು ಹೇಳಿ ಟೇಪು ಬಿಚ್ಚಿ ಎತ್ತರ ತೋರಿಸಿದೆ. ಅವನು ಕನ್ನಡಕ ಹಣೆಯ ಮೇಲೆ ಏರಿಸಿದ. ಇಷ್ಟು ವರ್ಷದಲ್ಲಿ ಗಂಡನ ತೋಳಿನ ಅಳತೆ ತಂದು ಹ್ಯಾಂಡಲ್ ಕೇಳಿದವಳು ನೀನೇ ಎಂದು ಹಿಂದಿಯಲ್ಲಿ ಹೇಳಿ, ಮಾಳಿಗೆಯಿಂದ ಒಂದೊಂದೇ ಇಳಿಸಿ ತೋರಿಸಿದ. ಐದನೆಯದು ಸರಿಹೋಯಿತು. ಕಟ್ಟಿಕೊಡುವಾಗ, ಹ್ಯಾಂಡಲ್ ಏರಿದರೆ ತಂತಿ, ಬ್ರೇಕ್ ಪೈಪು ಸಾಲುವುದಿಲ್ಲ, ಮೆಕ್ಯಾನಿಕ್ಕಿಗೆ ತೋರಿಸಿ ಅಂದ. ನಾನು ಖುಷಿಯಲ್ಲಿದ್ದೆ. ಹ್ಞೂಂ ಅಂದೆ.

ನಾಂಪಲ್ಲಿಯಿಂದ ಲೋಕಲ್ ರೈಲು. ಹೆಂಗಸರ ಡಬ್ಬಿಯಲ್ಲಿ ಕುಳಿತೆ. ಹ್ಯಾಂಡಲ್ಲಿಗೆ ಲಂಗದ ಬಟ್ಟೆ ಸುತ್ತಿದ್ದೆ, ಆದರೂ ಎರಡು ತುದಿ ಹೊರಗೆ ಇಣುಕುತ್ತಿದ್ದವು. ಎದುರಿನ ಹೂ ಮಾರುವ ಹೆಂಗಸು ಬಹಳ ಹೊತ್ತು ನೋಡಿ, “ಏಂದಕ್ಕಾ ಅದಿ, ಎದ್ದು ಕೊಮ್ಮುಲಾ?” ಎಂದು ತೆಲುಗಿನಲ್ಲಿ ಕೇಳಿದಳು. ಎತ್ತಿನ ಕೊಂಬೇ ಎಂದು ಅವಳ ಅನುಮಾನ.

“ಔನು, ಮಾ ಆಯನಕಿ,” ಅಂದೆ. ಹೌದು, ನಮ್ಮನೆಯವರಿಗೆ.

ಡಬ್ಬಿಗೆ ಡಬ್ಬಿಯೇ ನಕ್ಕಿತು. ನನ್ನ ಮಟ್ಟಿಗೆ ಅದು ದೊಡ್ಡ ಮಾತು. ನಾನು ಮಾತು ಕಡಿಮೆ. ಆದರೆ ಆ ದಿನ ಮಾತು ತಾನಾಗಿ ಬಂತು.

ಮನೆಗೆ ಬಂದಾಗ ಇವರು ಬಾಗಿಲಲ್ಲೇ ಇದ್ದರು. “ಇದೇನು?”

“ನಿಮ್ಮ ಅಂಗಿ.”

ಬಟ್ಟೆ ಬಿಚ್ಚಿ ನೋಡಿದರು. ಹ್ಯಾಂಡಲ್ ತಿರುಗಿಸಿ ಮುರುಗಿಸಿ, ಉಗುರಿನಿಂದ ತಟ್ಟಿ, ಕುರ್ಚಿಯಲ್ಲಿ ಕುಳಿತು ಎರಡೂ ತುದಿ ಹಿಡಿದು ನೋಡಿದರು. ಆಮೇಲೆ ಲಟ್ಟಣಿಗೆಯ ಕಡೆ ನೋಡಿದರು. “ಹುಚ್ಚಿ,” ಅಂದರು. ಆದರೆ ಹ್ಯಾಂಡಲ್ ಕೆಳಗಿಡಲಿಲ್ಲ. ಚಹಾ ಕುಡಿಯುವಾಗಲೂ ತೊಡೆಯ ಮೇಲೇ ಇತ್ತು.

ಭಾನುವಾರ ಬೆಳಿಗ್ಗೆ ಚಾದರ ತೆಗೆದರು. ಮೊಯಿನ್‌ಭಾಯಿಯನ್ನು ಕರೆಯಿರಿ ಅಂದೆ. “ಮೂವತ್ತು ವರ್ಷ ಮಷಿನ್ ಬಿಚ್ಚೀನಿ, ಇದೇನ್ ದೊಡ್ಡದು,” ಅಂದರು. ಕನ್ನಡಿ ಬಿಚ್ಚಿದರು, ಹಿಡಿಗಳಿಗೆ ಸಾಬೂನು ನೀರು ಬಿಟ್ಟು ಜಾರಿಸಿ ತೆಗೆದರು, ಕ್ಲಚ್ಚು, ಬ್ರೇಕು, ಸ್ವಿಚ್ಚು ಒಂದೊಂದೇ ಹೊಸ ಹ್ಯಾಂಡಲ್ಲಿಗೆ ದಾಟಿಸಿದರು. ಕ್ಲಚ್ ವೈರು ಮುಟ್ಟಿತು. ಎಕ್ಸಿಲೇಟರ್ ವೈರು ಹೇಗೋ ಮುಟ್ಟಿತು. ಮುಂದಿನ ಚಕ್ರದ ಡಿಸ್ಕಿನಿಂದ ಬಲಗೈಯ ಹಿಡಿಯವರೆಗೆ ಬರುವ ಕಪ್ಪು ಬ್ರೇಕ್ ಪೈಪು ಮಾತ್ರ ಎರಡು ಬೆರಳು ಕಡಿಮೆ ಬಿತ್ತು. ಇವರು ಯೋಚಿಸಿ, ಅದನ್ನು ನಡುವೆ ಹಿಡಿದಿಟ್ಟಿದ್ದ ಕ್ಲಿಪ್ಪಿನಿಂದ ಬಿಡಿಸಿ ನೇರ ತಂದರು. ಮುಟ್ಟಿತು.

“ಹತ್ತಿತು ನೋಡು,” ಅಂದರು. ಸಿಳ್ಳೆ ಹಾಕತೊಡಗಿದರು.

ನಾನು ಹತ್ತಿರ ಹೋಗಿ ಪೈಪಿನ ಕೆಳಗೆ ಬೆರಳು ಇಟ್ಟೆ. ಬಟ್ಟೆ ಒಣಹಾಕುವ ತಂತಿಯ ಹಾಗಿತ್ತು. ಹೊಲಿಗೆ ಕಲಿಸಿದ ನಮ್ಮ ಟೀಚರ್ ಬಾಯಿಯವರು ಒಂದು ಪದ್ಧತಿ ಹಾಕಿಕೊಟ್ಟಿದ್ದರು. ಬ್ಲೌಸು ತೊಡಿಸಿ ಕನ್ನಡಿಯ ಮುಂದೆ ನಿಲ್ಲಿಸಿದರೆ ಸಾಲದು, ಮೂರು ಕೆಲಸ ಮಾಡಿಸಿ ನೋಡಬೇಕು. ತುರುಬು ಕಟ್ಟಿಸಬೇಕು, ರೊಟ್ಟಿ ತಟ್ಟುವಂತೆ ಬಗ್ಗಿಸಬೇಕು, ಗೋಡೆಯ ಮಾಡದೊಳಗಿನ ಡಬ್ಬಿ ಇಳಿಸುವಂತೆ ಕೈ ಎತ್ತಿಸಬೇಕು. ನಿಂತಾಗ ಚೆಂದ ಕಂಡ ತೋಳು ಕೈ ಎತ್ತಿದರೆ ಬಗಲಲ್ಲಿ ಹರಿಯುತ್ತದೆ. ಈ ಗಾಡಿಯೂ ನಿಂತಿದೆ ಅಷ್ಟೆ, ಇನ್ನೂ ಕೈ ಎತ್ತಿಲ್ಲ ಎಂದು ನನಗೆ ಅನ್ನಿಸಿತು. ಹೇಳಬೇಕೆಂದು ಬಾಯಿ ತೆರೆದೆ.

ಆದರೆ ಇವರು ಸಿಳ್ಳೆ ಹಾಕುತ್ತಿದ್ದರು. ಎರಡು ತಿಂಗಳಾಗಿತ್ತು. ನಾನು ಬಾಯಿ ಮುಚ್ಚಿದೆ.

ಓಣಿಯವರು ಬಾಗಿಲಿಗೆ ಬಂದು ನಿಂತರು. ಇವರು ರಾಜನ ಹಾಗೆ ನೆಟ್ಟಗೆ ಕುಳಿತು ಹೊರಟರು. ನೇರ ದಾರಿಯಲ್ಲಿ ಏನೂ ಆಗಲಿಲ್ಲ. ನಮ್ಮ ಓಣಿಯ ತುದಿಯಲ್ಲಿ ಬೋರ್‌ವೆಲ್ಲಿನ ಹತ್ತಿರ ಪೂರ್ತಿ ಹೊರಳಿಸಬೇಕಾದ ತಿರುವು ಇದೆ. ಅಲ್ಲಿ ಹ್ಯಾಂಡಲ್ ಹೊರಳಿದ್ದೇ ಎಕ್ಸಿಲೇಟರ್ ವೈರು ಎಳೆದು ಇಂಜಿನ್ ತಾನಾಗಿ ಕೂಗಿತು. ಇವರು ಬ್ರೇಕು ಒತ್ತಿದರು. ಪೈಪೂ ಎಳೆದಿತ್ತು. ಅದರ ಬಾಯಿಯಿಂದ ಎಣ್ಣೆ ಜಿನುಗಿ ಬ್ರೇಕಿನ ಹಿಡಿ ಬೆಣ್ಣೆಯ ಹಾಗೆ ಒಳಗೆ ಹೋಯಿತು. ಹಿಂದಿನ ಬ್ರೇಕು ತುಳಿದು ಹೇಗೋ ನಿಧಾನಿಸಿ, ಕಟ್ಟಡದವರು ಹಾಕಿದ್ದ ಉಸುಕಿನ ಗುಡ್ಡೆಯ ಮೇಲೆ ಗಾಡಿ ಸಮೇತ ಮಲಗಿದರು.

ನಾನು ಓಡಿದೆ. ಕಲಬುರಗಿ ಕಡೆಯಿಂದ ಬಂದು ಆ ಕಟ್ಟಡದಲ್ಲಿ ದುಡಿಯುತ್ತಿದ್ದವರು ಅಷ್ಟರಲ್ಲೇ ಎತ್ತಿ ಕೂರಿಸಿದ್ದರು. ಒಬ್ಬ ಹೆಂಗಸು ಇವರ ತಲೆಯ ಉಸುಕು ಝಾಡಿಸುತ್ತ, “ಹಾಸಿಗಿ ಮೆತ್ತಗೈತೇನ್ರಿ ಯಜಮಾನ್ರ? ಮತ್ತ ಮಕ್ಕೋಬೇಕಂದ್ರ ಬರ್ರಿ, ಇನ್ನೊಂದು ಲಾರಿ ಹಾಕಸ್ತೀವಿ,” ಅಂದಳು. ಎಲ್ಲರೂ ನಕ್ಕರು. ಭುಜಕ್ಕೆ ಏನೂ ಆಗಿರಲಿಲ್ಲ. ಇವರು ನಗಲಿಲ್ಲ. ಗಾಡಿ ತಳ್ಳಿಕೊಂಡು ಬಂದು ಮನೆಯ ಮುಂದೆ ನಿಲ್ಲಿಸಿ ಚಾದರ ಹುಡುಕತೊಡಗಿದರು.

“ನೀ ಬಸ್ಸಿಗೆ ಹೋಗು,” ಅಂದರು.

ನಾನು ಚಾದರವನ್ನು ಹಿಂದೆ ಹಿಡಿದುಕೊಂಡೆ. “ನನಗ ಗೊತ್ತಿತ್ರಿ.”

“ಏನ್ ಗೊತ್ತಿತ್ತು?”

“ಪೈಪು ಹೊಳ್ಳಿಸಿದ್ರ ಎಳೀತೈತಿ ಅಂತ. ಬೆರಳಿಟ್ಟು ನೋಡಿದ್ದೆ.”

ಇವರಿಗೆ ಸಿಟ್ಟು ಬಂದದ್ದು ನಾನು ಕಂಡಿದ್ದು ಕಡಿಮೆ. ಅವತ್ತು ಬಂತು. “ಗೊತ್ತಿದ್ದೂ ಸುಮ್ನ ಇದ್ದೆ? ಉಸುಕ ಇರಲಿಲ್ಲಂದ್ರ?”

“ನೀವು ಸಿಳ್ಳಿ ಹೊಡ್ಯಾಕತ್ತಿದ್ರಿ.”

ಇವರು ನನ್ನನ್ನೇ ನೋಡುತ್ತ ನಿಂತರು. ಕಿವಿಯೊಳಗಿಂದ ಉಸುಕು ಉದುರುತ್ತಿತ್ತು. ಆಮೇಲೆ ಮೆಟ್ಟಿಲ ಮೇಲೆ ಕುಳಿತು, “ಇನ್ನ ಮ್ಯಾಲ ಗೊತ್ತಿದ್ರ ಹೇಳು,” ಅಂದರು. “ಸಿಳ್ಳಿ ಆಮ್ಯಾಲ ಹೊಡೀತೀನಿ.”

ಅರ್ಧ ಗಂಟೆಯಲ್ಲಿ ಮೊಯಿನ್‌ಭಾಯಿ ಬಂದರು. ಅವರ ಊರೂ ಬೀದರ್ ಕಡೆಯೇ, ಇವರಿಗೆ ಬಹಳ ವರ್ಷದ ಸ್ನೇಹ. ಗಾಡಿ ನೋಡಿ ತಲೆಗೆ ಕೈಹಚ್ಚಿದರು. “ಕಾಶಣ್ಣ, ಫ್ಯಾಕ್ಟರ್ಯಾಗ ಮಷಿನ್ ಒಂದ ಕಡಿ ನಿಂತಿರತಾವ. ಇದು ಹೊಳ್ಳೂ ಮಷಿನ್ ಅಪ್ಪಾ. ನಿಂತಾಗ ಪೈಪು ಹತ್ತಿದ್ರ ಏನ್ ಬಂತು?”

“ಅದನ್ನ ಈಕಿನ್ನ ಕೇಳು,” ಎಂದು ಇವರು ನನ್ನ ಕಡೆ ಕೈ ಮಾಡಿದರು. “ಬ್ಲೌಸಿನ ಲೆಕ್ಕ ಹೇಳತಾಳ.”

ನಾನು ಮೂರು ಕೆಲಸದ ಮಾತು ಹೇಳಿದೆ. ಮೊಯಿನ್‌ಭಾಯಿ ನಗುತ್ತಾರೆಂದುಕೊಂಡಿದ್ದೆ. ಅವರು ನಗಲಿಲ್ಲ, ಸ್ಟೂಲು ಎಳೆದುಕೊಂಡು ಕುಳಿತರು. “ಬರೋಬ್ಬರಿ ಮಾತು. ಇದಕ್ಕೂ ಮೂರು ಕೆಲಸ ಅದಾವ ಭಾಭಿ. ಪೂರಾ ಎಡಕ್ಕ, ಪೂರಾ ಬಲಕ್ಕ, ಮತ್ತ ಮುಂದಿನ ಗಾಲಿ ಗುಂಡಿಗೆ ಇಳದಾಗ ಶಾಕ್ ಅಬ್ಸಾರ್ಬರ್ ಉದ್ದ ಆಗೂದು. ಮೂರರಾಗೂ ಪೈಪು ಎಳೀಬಾರದು. ಅಳತಿ ನೀವ ತಗೋರಿ.”

ಟೇಪು ಚಪ್ಪಟೆ, ಪೈಪಿನ ದಾರಿಯಲ್ಲಿ ಸರಿಯಾಗಿ ಬಾಗುವುದಿಲ್ಲ. ಒಳಗೆ ಹೋಗಿ ಲಂಗಕ್ಕೆ ಹಾಕುವ ದಪ್ಪ ನಾಡಿ ತಂದೆ. ಪೈಪಿನಷ್ಟೇ ದಪ್ಪ. ಡಿಸ್ಕಿನ ಹತ್ತಿರ ಒಂದು ತುದಿ ಕಟ್ಟಿ, ಕ್ಲಿಪ್ಪಿನೊಳಗಿಂದ ತೂರಿಸಿ, ಹಿಡಿಯವರೆಗೆ ತಂದೆ. ಇವರು ಹ್ಯಾಂಡಲ್ ಎಡಕ್ಕೆ ಹೊರಳಿಸಿದರು, ನಾಡಿ ಸ್ವಲ್ಪ ಬಿಟ್ಟೆ. ಬಲಕ್ಕೆ ಹೊರಳಿಸಿದರು, ನೋಡಿದೆ. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ಏರಿಸಿ ಮೊಯಿನ್‌ಭಾಯಿ ಹಿಂದೆ ಕುಳಿತರು, ಮುಂದಿನ ಚಕ್ರ ನೆಲ ಬಿಟ್ಟು ಜೋತಾಡಿತು. ನಾಡಿ ಇನ್ನಷ್ಟು ಬೇಡಿತು. ಕೊಟ್ಟೆ. ಹೊಲಿಗೆಯ ಸುಣ್ಣದ ಬಿಲ್ಲೆಯಿಂದ ಗುರುತು ಹಾಕಿ, ಅದಕ್ಕೆ ಒಂದು ಬೆರಳು ಹೆಚ್ಚು ಸೇರಿಸಿ ಪುಸ್ತಕದಲ್ಲಿ ಬರೆದೆ.

“ಒಂದು ಬೆರಳು ಎದಕ್ಕ?” ಎಂದು ಇವರು ಕೇಳಿದರು.

“ಒಳಗ ಬಟ್ಟಿ ಬಿಡದ ನಾ ಏನೂ ಹೊಲ್ಯಾಂಗಿಲ್ರಿ.”

ಅಷ್ಟು ಉದ್ದದ ಪೈಪು ಬೇರೆ ಯಾವುದೋ ದೊಡ್ಡ ಗಾಡಿಯದು ಹೊಂದುತ್ತದೆಂದು ಮೊಯಿನ್‌ಭಾಯಿ ಹುಡುಕಿಸಿದರು. ಎಕ್ಸಿಲೇಟರ್ ವೈರೂ ಉದ್ದದ್ದೇ ಹೇಳಿದರು. ಎಂಟು ದಿನ ಬರಲಿಲ್ಲ, ಹತ್ತು ದಿನ ಬರಲಿಲ್ಲ. ಆಷಾಢ ಮುಗಿದು ಶ್ರಾವಣ ಬಂತು. ಶಿವರಾಜ ಫೋನು ಮಾಡಿ, “ಮಾಮಾಗ ಬ್ಯಾನಿ ಇದ್ರ ನಾ ಬರ್ಲೇನಕ್ಕಾ?” ಎಂದು ಕೇಳಿದ. ಎರಡು ದಿನ ತಡಿ ಅಂದೆ. ನಾನು ಉಂಡಿ ಕಟ್ಟುತ್ತ, ಅಂಗಿ ಹೊಲಿಯುತ್ತ ಕಾದೆ. ಸುಳ್ಳು ಹೇಳಿ ಅಳತೆ ತೆಗೆದುಕೊಂಡಿದ್ದೆನಲ್ಲ, ಅದನ್ನು ನಿಜ ಮಾಡಬೇಕಿತ್ತು. ಬಲಭುಜಕ್ಕೆ ಅರ್ಧ ಇಂಚು ಹೆಚ್ಚು ಬಿಟ್ಟು ಹೊಲಿದೆ.

ಪಂಚಮಿಗೆ ಮೂರು ದಿನವಿದ್ದಾಗ, ಶುಕ್ರವಾರ, ಪೈಪೂ ವೈರೂ ಬಂದವು. ಮೊಯಿನ್‌ಭಾಯಿ ಹೊಸ ತಾಮ್ರದ ವಾಷರ್ ಹಾಕಿ ಕೂರಿಸಿ, ಗಡಿಯಾರ ನೋಡಿ ಎದ್ದರು. “ನಮಾಜಿಗೆ ಹೊತ್ತಾತು. ಪೈಪಿನ್ಯಾಗ ಗಾಳಿ ಐತಿ, ತೆಗೀಬೇಕು. ಅದು ಒಬ್ಬರ ಕೆಲಸ ಅಲ್ಲ, ನೀವಿಬ್ಬರೂ ಹಚ್ಚಿರ್ರಿ. ನಾ ಬಂದು ನೋಡದ ಗಾಡಿ ತೆಗೀಬ್ಯಾಡ ಕಾಶಣ್ಣ, ಉಸುಕ ಖಾಲಿ ಆಗೈತಿ.”

ಇವರ ಬಲಗೈ ಮತ್ತೆ ಮತ್ತೆ ಒತ್ತಲಾರದು. ಹಿಡಿ ಒತ್ತುವ ಕೆಲಸ ನನ್ನದಾಯಿತು. ಇವರು ಕೆಳಗೆ ಚಕ್ರದ ಹತ್ತಿರ ಕುಳಿತು, ಸಣ್ಣ ತಿರುಪಿಗೆ ತೆಳು ನಳಿಗೆ ಸಿಕ್ಕಿಸಿ ಅದರ ತುದಿಯನ್ನು ಸೀಸೆಯಲ್ಲಿ ಬಿಟ್ಟರು. ನಾನು ನಾಲ್ಕು ಸಲ ಒತ್ತಿ, ಐದನೆಯ ಸಲ ಒತ್ತಿ ಹಿಡಿಯಬೇಕು. ಇವರು ತಿರುಪು ಸಡಿಲಿಸುತ್ತಾರೆ, ಎಣ್ಣೆಯ ಜೊತೆ ಗುಳ್ಳೆ ಬರುತ್ತವೆ, ತಿರುಪು ಬಿಗಿ ಮಾಡುತ್ತಾರೆ, ಆಮೇಲೆ ನಾನು ಬಿಡಬೇಕು.

“ಒತ್ತು… ಹಿಡಿ… ಹಿಡಿ… ಏ, ಯಾಕ ಬಿಟ್ಟಿ?”

“ನೀವು ಎಣ್ಣಿ ಬಂತು ಅಂದ್ರಲ್ಲ.”

“ಎಣ್ಣಿ ಬಂತು ಅಂದೆ, ಬಿಡು ಅಂದ್ನೇನು? ಮತ್ತ ಗಾಳಿ ಒಳಗ ಹೋತು. ನಾ ಬಿಡು ಅಂದ ಮ್ಯಾಲ ಬಿಡು.”

“ಇಷ್ಟು ವರ್ಷದಾಗ ನಾ ಹಿಡದಿದ್ದು ನೀವು ಬಿಡಸಾಕ ಆಗೈತೇನು?”

ಕೆಳಗಿಂದ ನಗು ಕೇಳಿಸಿತು. ಮುಖ ಕಾಣುತ್ತಿರಲಿಲ್ಲ. ಸೀಸೆಯಲ್ಲಿ ಗುಳ್ಳೆಗಳು ಮೊದಲು ಸಾಬೂನಿನ ನೊರೆಯ ಹಾಗೆ ಬಂದವು, ಆಮೇಲೆ ಸಾಬುದಾಣಿಯಷ್ಟು ಬಿಡಿಬಿಡಿ, ಆಮೇಲೆ ಸಾಸಿವೆಯಷ್ಟು. ಹೊರಗೆ ಮಳೆ ಶುರುವಾಯಿತು. ಎಣ್ಣೆ ಬಣ್ಣ ತಿನ್ನುತ್ತದೆಂದು ಮೊಯಿನ್‌ಭಾಯಿ ಹೇಳಿದ್ದರು, ನಾನು ಎಡಗೈಲಿ ಒದ್ದೆ ಬಟ್ಟೆ ಹಿಡಿದು ಟ್ಯಾಂಕಿನ ಮೇಲೆ ಬಿದ್ದ ಹನಿಗಳನ್ನು ಒರೆಸುತ್ತಿದ್ದೆ. ಒತ್ತು, ಹಿಡಿ, ಬಿಡು. ಎಷ್ಟು ಹೊತ್ತು ಮಾಡಿದೆವೋ ತಿಳಿಯದು. ಒಂದು ಸಲ ಒತ್ತಿದಾಗ ಹಿಡಿ ಅರ್ಧಕ್ಕೇ ನಿಂತಿತು. ಇನ್ನೂ ಒತ್ತಿದೆ. ಕಲ್ಲಿನ ಹಾಗೆ ಗಟ್ಟಿ.

“ಗಟ್ಟಿ ಆತ್ರಿ,” ಅಂದೆ.

ಇವರು ಎದ್ದು ಬಂದು ನನ್ನ ಬೆರಳುಗಳ ಮೇಲೆ ತಮ್ಮ ಬೆರಳಿಟ್ಟು ಒತ್ತಿ ನೋಡಿದರು. ಹಾಗೆಯೇ ಸಿಳ್ಳೆ ಹಾಕಿದರು. ಈ ಸಲ ನಾನು ನಿಲ್ಲಿಸಿದೆ. “ಮೊದ್ಲ ಹೊಳ್ಳಿಸಿ ನೋಡ್ರಿ.” ಎಡಕ್ಕೆ, ಬಲಕ್ಕೆ ಹೊರಳಿಸಿದರು. ನಾನು ಪೈಪಿನ ಕೆಳಗೆ ಬೆರಳಿಟ್ಟೆ. ಎರಡೂ ಕಡೆ ಬೆರಳು ಆರಾಮಾಗಿ ಆಡಿತು.

ಪಂಚಮಿಯ ಹಿಂದಿನ ದಿನ ಹೊರಟೆವು. ಹೊಸ ಅಂಗಿ, ಹೊಸ ಹ್ಯಾಂಡಲ್. ಪಟಾ‌ನ್‌ಚೆರು ದಾಟಿದ ಮೇಲೆ ಮಳೆ ಹಿಡಿಯಿತು. ಸದಾಶಿವಪೇಟೆಯ ಹತ್ತಿರ ಒಂದು ಚಪ್ಪರದ ಕೆಳಗೆ ಸುಟ್ಟ ಮೆಕ್ಕೆತೆನೆ ತಿಂದೆವು. ಭುಜಕ್ಕೆ ವಿಶ್ರಾಂತಿಯೆಂದು ಮೂರು ಸಲ ನಿಂತೆವು, ನಿಂತಾಗಲೆಲ್ಲ ಇವರು ಹ್ಯಾಂಡಲ್ ಅತ್ತ ಇತ್ತ ಹೊರಳಿಸಿ, “ಎಳ್ಯಾಕತ್ತಿಲ್ಲ ನೋಡು,” ಎಂದು ತೋರಿಸುತ್ತಿದ್ದರು. ಜಹೀರಾಬಾದ್ ಆಚೆ ಅಂಗಡಿಗಳ ಮೇಲಿನ ಅಕ್ಷರ ತೆಲುಗಿನಿಂದ ಕನ್ನಡಕ್ಕೆ ತಿರುಗುವ ಕಡೆ ಇವರು ಯಾವಾಗಲೂ ಒಮ್ಮೆ ಹಾರನ್ ಹೊಡೆಯುತ್ತಿದ್ದರು. ಅವತ್ತೂ ಹೊಡೆದರು.

ಶಿವರಾಜ ಬಾಗಿಲಲ್ಲಿ ಗಾಡಿ ನೋಡಿ, “ಇದೇನ್ ಮಾಮಾ, ಕೊಂಬು ಬಂದಾವ?” ಅಂದ.

“ನಿಮ್ಮಕ್ಕ ರೈಲಿನ್ಯಾಗ ತಂದು ಹಚ್ಚ್ಯಾಳಪ್ಪಾ. ನಾ ಏನ್ ಮಾಡ್ಲಿ?”

ಬೀದರಿನಿಂದ ಗಿರಿಜಾ ಬಂದಿದ್ದಳು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ನಾನು ಕುಳಿತೆ, ಇವರು ಎಡಗೈಲಿ ತೂಗಿದರು. ಹಿಂದಿನಿಂದ ಸಿಳ್ಳೆ ಕೇಳುತ್ತಿತ್ತು.

ಹಬ್ಬದಿಂದ ಬಂದ ಮೇಲೆ ಗಾಡಿ ನೋಡಲು ಬಂದವನಿಗೆ ಚಹಾ ಕೊಟ್ಟು ಕಳಿಸಿದರು. ಆ ಪಂಚಮಿಯೂ ಸೇರಿ ಒಟ್ಟು ಐದು ಪಂಚಮಿ ಅದೇ ಗಾಡಿಯಲ್ಲಿ ಆದವು. ಗೊತ್ತಿದ್ದರೆ ಹೇಳು ಎಂದವರು ತಮ್ಮ ಎದೆಯ ನೋವನ್ನು ಮೂರು ದಿನ ನನಗೆ ಹೇಳಿರಲಿಲ್ಲ. ಆ ದಿನಗಳಲ್ಲಿ ನಾನು ಮದುವೆ ಸೀಸನ್ನಿನ ಹೊಲಿಗೆಯಲ್ಲಿದ್ದೆ, ಮಷಿನ್ ಮೇಲೆ ಹಾಡು ಗುನುಗುತ್ತಿದ್ದೆ. ಬಹುಶಃ ಅದಕ್ಕೇ ಹೇಳಲಿಲ್ಲ. ಇದಕ್ಕಾಗಿ ನಾನು ಅವರ ಮೇಲೆ ಸಿಟ್ಟು ಮಾಡಿಕೊಳ್ಳುತ್ತೇನೆ, ಮತ್ತೆ ಉಸುಕಿನ ಗುಡ್ಡೆ ನೆನಪಾಗಿ ಬಿಟ್ಟುಬಿಡುತ್ತೇನೆ.

ನಿನ್ನೆ ಬೆಳಿಗ್ಗೆ ಗಿರಿಜಾಳನ್ನು ಕುರ್ಚಿಯಲ್ಲಿ ಕೂರಿಸಿ ಲಟ್ಟಣಿಗೆ ಕೊಟ್ಟೆ. “ಎಲ್ಲಿ ಬ್ಯಾನಿ ಆಗಂಗಿಲ್ಲ ಅಲ್ಲಿ ನಿಲ್ಲಸು.” ಅವಳಿಗೆ ಕಥೆ ಗೊತ್ತು, ನಗುತ್ತ ನಿಲ್ಲಿಸಿದಳು. ನಾಲ್ಕು ಇಂಚು ಕೆಳಗೆ. ಪುಸ್ತಕದ ಅದೇ ಪುಟದಲ್ಲಿ, ‘ಇವರು’ ಎಂಬುದರ ಕೆಳಗೆ ಜಾಗವಿತ್ತು. ‘ಗಿರಿಜಾ’ ಎಂದು ಬರೆದು ಅಳತೆ ಹಾಕಿದೆ.

ಅದನ್ನು ಮೊಯಿನ್‌ಭಾಯಿಗೆ ಕೊಟ್ಟು, “ಇಳಸ್ರಿ,” ಅಂದೆ.

“ಇಳಸಿದ್ರ ಪೈಪು ಉದ್ದ ಆಗತೈತಿ ಭಾಭಿ. ಗಿಡ್ಡದ್ದು ಹಾಕ್ಲೇನು?”

“ಬ್ಯಾಡ್ರಿ. ಎಲ್ಲೂ ಸಿಗಬೀಳದಂಗ ಒಳಗ ಬಾಗಿಸಿ ಕ್ಲಿಪ್ ಹಾಕ್ರಿ. ನಾಳೆ ಆಕಿ ಏರಿಸಂದ್ರ?”

ಹಳೆಯ ಎಣ್ಣೆ ತೆಗೆದು ಹೊಸದು ಹಾಕಬೇಕಿತ್ತು. ಅವರು ಕೆಳಗೆ ಕುಳಿತರು, ಹಿಡಿಯ ಹತ್ತಿರ ನಾನು ನಿಂತೆ. ಒತ್ತ್ರಿ ಅಂದರು, ಒತ್ತಿದೆ. ಹಿಡೀರಿ ಅಂದರು, ಹಿಡಿದೆ. ತಿರುಪು ಬಿಗಿ ಮಾಡಿ ಅವರು ಸೀಸೆ ನೋಡುತ್ತ ಕುಳಿತುಬಿಟ್ಟರು, ನಾನು ಹಿಡಿದೇ ಇದ್ದೆ. ಬೆರಳು ನೋಯತೊಡಗಿದವು. ಸ್ವಲ್ಪ ಹೊತ್ತಿನ ಮೇಲೆ ಅವರು ತಲೆ ಎತ್ತಿ ನೋಡಿ, ಮೆಲ್ಲಗೆ, “ಬಿಡ್ರಿ ಭಾಭಿ,” ಅಂದರು. ಬಿಟ್ಟೆ.

ಸಂಜೆ ಗಿರಿಜಾ ಗಾಡಿ ತಂದಳು. ಪಂಚಮಿಗೆ ಇನ್ನು ನಾಲ್ಕು ದಿನ. ಹೆಲ್ಮೆಟ್ ಹಾಕಿಕೊಂಡು ಹಿಂದೆ ಕುಳಿತೆ, ಓಣಿಯಲ್ಲಿ ಒಂದು ಸುತ್ತು ಹೊರಟೆವು. ಉಸುಕಿದ್ದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಮನೆ ನಿಂತಿದೆ, ಅದರ ಗೇಟಿನ ಮುಂದೆ ತುಳಸಿಯ ಕುಂಡ. ತಿರುವಿನಲ್ಲಿ ಅವಳು ಹ್ಯಾಂಡಲ್ ಪೂರ್ತಿ ಹೊರಳಿಸಿದಳು. ಅವಳ ಭುಜದ ಮೇಲಿಂದ ಬಗ್ಗಿ ನೋಡಿದೆ. ಪೈಪು ಅರ್ಧಚಂದ್ರದ ಹಾಗೆ ಬಾಗಿ, ಎಲ್ಲೂ ಎಳೆಯದೆ, ಹ್ಯಾಂಡಲ್ಲಿನ ಜೊತೆ ಹೊರಳಿ ಮತ್ತೆ ನೆಟ್ಟಗಾಯಿತು.

“ಏನ್ ನೋಡಾಕತ್ತೀ ಅವ್ವಾ?” ಎಂದು ಕೇಳಿದಳು. “ಬರೋಬ್ಬರಿ ಐತೇನು?”

“ಐತಿ,” ಅಂದೆ. “ನಡಿ.”